ಮೈಕಿನ ವೈರಿನ ತುದಿಗೆ ಎಷ್ಟು ದುಡ್ಡು?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿನಿಂದ ಬೇಸಿಗೆ ಮುಗಿಯುವವರೆಗೆ ನಮ್ಮ ಕಡೆಯ ಸೌಂಡ್ ಸರ್ವಿಸ್‌ನವರಿಗೆ ಬಿಡುವಿಲ್ಲ. ಊರ ಜಾತ್ರೆ, ಬಯಲಾಟ, ನಾಟಕ, ಪುರಾಣ, ಮದುವೆ ಒಂದರ ಬೆನ್ನಿಗೆ ಒಂದು. ಈ ದಂಧೆಗೆ ಇಳಿಯುವವರು ಸಾಲ ಮಾಡಿಯಾದರೂ ಒಳ್ಳೆಯ ಆಂಪ್ಲಿಫೈಯರ್, ಬಾಕ್ಸು, ಮಿಕ್ಸರ್ ಕೊಳ್ಳುತ್ತಾರೆ. ವೈರಿನ ತುದಿಯ ಪಿನ್ನಿಗೆ ಬಂದಾಗ ಮಾತ್ರ ಕೈ ಬಿಗಿಹಿಡಿದು ಎಲ್ಲಕ್ಕಿಂತ ಅಗ್ಗದ್ದು ಕೇಳುತ್ತಾರೆ, ಇಲ್ಲವೇ ಬಂಗಾರದ ಬಣ್ಣಕ್ಕೆ ಮರುಳಾಗಿ ಎರಡರಷ್ಟು ಕೊಡುತ್ತಾರೆ. ಎರಡರಲ್ಲೂ ನಷ್ಟವೇ. ಪಿನ್ನು ಒಂದು ಕಡೆ ವೈರನ್ನು, ಇನ್ನೊಂದು ಕಡೆ ಸಾಕೆಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದಕ್ಕೆ ಬೆಲೆ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಬಂಗಾರದ ಮಾತು. ವಿದ್ಯುತ್ತನ್ನು ಹರಿಸುವುದರಲ್ಲಿ ಬೆಳ್ಳಿ ಮುಂದು, ಆಮೇಲೆ ತಾಮ್ರ, ಬಂಗಾರ ಮೂರನೆಯದು. ಅದರ ಹೆಚ್ಚುಗಾರಿಕೆ ಇರುವುದು ಕಿಲುಬು ಹಿಡಿಯದಿರುವುದರಲ್ಲಿ. ಒಮ್ಮೆ ಸಿಕ್ಕಿಸಿ ವರ್ಷಗಟ್ಟಲೆ ಮುಟ್ಟದ ಕಡೆ ಅದು ಕೆಲಸಕ್ಕೆ ಬರುತ್ತದೆ. ಗಂಗಾವತಿಯ ಗದ್ದೆ ಬಯಲಿನ ತೇವದಲ್ಲಿ ಮಠದ ಪ್ರಾರ್ಥನಾ ಮಂದಿರಕ್ಕೋ ಶಾಲೆಯ ಸಭಾಂಗಣಕ್ಕೋ ಬೇಕಾದರೆ ಹಾಕಿಸಬಹುದು. ಬಾಡಿಗೆಗೆ ಹೋಗುವ ಸಾಮಾನಿನ ಪಾಡೇ ಬೇರೆ. ಸಂಜೆ ಸಿಕ್ಕಿಸಿ ಬೆಳಗಿನ ಜಾವ ಕಿತ್ತು, ಕುಷ್ಟಗಿ–ಯಲಬುರ್ಗಾದ ಎರೆಮಣ್ಣಿನ ಧೂಳಲ್ಲೇ ಸುತ್ತಿ ಗಾಡಿಗೆ ಹಾಕುವ ಪಿನ್ನಿನ ಮೇಲೆ ತೆಳು ಲೇಪ ಎಷ್ಟು ದಿನ ನಿಂತೀತು? ಅಲ್ಲಿಗೆ ಗಟ್ಟಿಯಾದ ನಿಕ್ಕಲ್ ಲೇಪವೇ ಲೇಸು. ಹಾಕಿ ತೆಗೆಯುವಾಗಿನ ಉಜ್ಜುವಿಕೆಯೇ ಅದರ ಮೇಲಿನ ಕೊಳೆಯನ್ನೂ ಕೆರೆಯುತ್ತದೆ.

ಪಿನ್ನು ಕೈಕೊಡುವುದು ಹೆಚ್ಚಾಗಿ ಹೊರಗೆ ಕಾಣುವ ಭಾಗದಲ್ಲಲ್ಲ. ವೈರು ಒಳಹೋಗುವ ಬಾಯಿಯಲ್ಲಿ ಮತ್ತು ಬೆಸುಗೆಯಲ್ಲಿ. ಹಾಗಾಗಿ ಅಂಗಡಿಯಲ್ಲೇ ಟೊಪ್ಪಿಗೆ ತಿರುವಿ ಒಳಗೆ ನೋಡಬೇಕು. ವೈರಿನ ಹೊರಸಿಪ್ಪೆಯನ್ನು ಕಚ್ಚಿ ಹಿಡಿಯುವ ಹಿಡಿಕೆ ಇದೆಯೇ, ಅಥವಾ ಜಗ್ಗಿದ ಭಾರವೆಲ್ಲ ಬೆಸುಗೆಯ ಮೇಲೇ ಬೀಳುತ್ತದೆಯೇ? ತುದಿಯನ್ನು ಬೆರಳಲ್ಲಿ ತಿರುವಿದರೆ ಅಲುಗಾಡುತ್ತದೆಯೇ? ಆಯಸ್ಕಾಂತ ಹಿಡಿದು ನೋಡುವ ರೂಢಿಯೂ ಇದೆ. ಆದರೆ ನಿಕ್ಕಲ್ ಕೂಡ ಆಯಸ್ಕಾಂತಕ್ಕೆ ಅಂಟುವುದರಿಂದ ಅರೆಬರೆ ಸೆಳೆತಕ್ಕೆ ಹಿತ್ತಾಳೆಯ ಪಿನ್ನನ್ನು ಬೈಯಬಾರದು, ಟಪ್ಪನೆ ಅಂಟಿಕೊಂಡರೆ ಒಳಗೆ ಕಬ್ಬಿಣವೆಂದು ತಿಳಿಯಬೇಕು. ಒಂದೇ ಪಿನ್ನು ತಂದು ಬೆಸುಗೆ ಹಾಕಿ ನೋಡುವುದು ಇದೆಲ್ಲಕ್ಕಿಂತ ಖಾತ್ರಿಯ ಪರೀಕ್ಷೆ. ಕಾವಿಗೆ ಒಳಗಿನ ಪ್ಲಾಸ್ಟಿಕ್ ಕರಗಿ ಕಡ್ಡಿ ವಾಲಿತೆಂದರೆ ಆ ಮಾಲು ಬೇಡ. ವೈರನ್ನೂ ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದು. ಅಲ್ಯೂಮಿನಿಯಂ ತಾಮ್ರದ ಶೇ 61ರಷ್ಟು ಮಾತ್ರ ವಿದ್ಯುತ್ ಹರಿಸುತ್ತದೆ, ಮಡಿಸಿದಲ್ಲಿ ಬೇಗ ಮುರಿಯುತ್ತದೆ. ಅಂಥ ವೈರಿಗೆ ದುಬಾರಿ ಪಿನ್ನು ಹಾಕುವುದು ದಂಡ.

ಅಗ್ಗದ್ದು ಕೆಟ್ಟರೆ ಇನ್ನೊಂದು ಹಾಕಿದರಾಯಿತು ಎನ್ನುವವರಿದ್ದಾರೆ. ಕೆಡುವುದು ಪಿನ್ನೊಂದೇ ಆಗಿದ್ದರೆ ಒಪ್ಪಬಹುದಿತ್ತು. ಪಿ-38 ಎಂದು ಕರೆಯುವ ದಪ್ಪ ಪಿನ್ನು ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದದ್ದು, ಅಳತೆ 6.35 ಮಿಲಿಮೀಟರ್. ಅಳತೆ ತಪ್ಪಿದ ಪಿನ್ನು ಮಿಕ್ಸರಿನ ಸಾಕೆಟ್ಟಿನೊಳಗಿನ ಎಲೆಯನ್ನು ಅಗಲಿಸಿಬಿಡುತ್ತದೆ. ಆಮೇಲೆ ಒಳ್ಳೆಯ ಪಿನ್ನೂ ಅದರಲ್ಲಿ ಲೊಡಲೊಡ. ಇಪ್ಪತ್ತು ಪಿನ್ನಿನ ಲೆಕ್ಕ ಹಿಡಿಯೋಣ, ಅಗ್ಗದ್ದು 30 ರೂಪಾಯಿ, ಗಟ್ಟಿಯದು 150 ಎಂದುಕೊಳ್ಳಿ. ಅಂತರ 2,400 ರೂಪಾಯಿ. ಒಂದು ಮದುವೆಯಲ್ಲಿ ಸೌಂಡ್ ನಿಂತು ಬಾಡಿಗೆ ಮುರಿದುಕೊಂಡರೆ ಉಳಿಸಿದ್ದೆಲ್ಲ ಹೋಯಿತು, ಮುಂದಿನ ವರ್ಷದ ಗಿರಾಕಿಯೂ ಹೋದ.

ಹೆಸರಾಂತ ಕಂಪನಿಯ ಮಾಲನ್ನೇ ಕೊಂಡರೆ ಈ ತಾಪತ್ರಯವೇ ಇಲ್ಲವಲ್ಲ ಎಂದೂ ಕೇಳಬಹುದು. ಹೆಸರು ಅಚ್ಚೊತ್ತಿದ ನಕಲಿ ಮಾಲು ಪೇಟೆಯಲ್ಲಿ ಬೇಕಾದಷ್ಟಿದೆ, ಬಿಲ್ಲಿಲ್ಲದೆ ಕೊಂಡರೆ ಕೇಳುವ ಹಕ್ಕೂ ಉಳಿಯದು. ಇನ್ನು ದುಬಾರಿ ಪಿನ್ನಿನಿಂದ ಧ್ವನಿ ಇಂಪಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಿಗಿಯಾಗಿ ಕೂತ ಎರಡು ಜೋಡಣೆಗಳ ನಡುವೆ ಕಿವಿಗೆ ಭೇದ ಸಿಗದು. ಮನೆಯ ಟಿವಿಗೆ ಒಮ್ಮೆ ಜೋಡಿಸಿ ಮರೆಯುವ ವೈರಿಗೆ ಸಾಧಾರಣ ಪಿನ್ನೇ ಸಾಕು.

ದುಡ್ಡು ಸಾಲದಿದ್ದರೆ ಎಲ್ಲಿಂದ ಶುರು ಮಾಡಬೇಕು? ಬಾಕ್ಸಿನ ಕಡೆಯಿಂದ. ಪಿ-38 ಪಿನ್ನನ್ನು ಚಾಲೂ ಇರುವ ಆಂಪ್ಲಿಫೈಯರಿಗೆ ಸಿಕ್ಕಿಸುವಾಗ ಕ್ಷಣಮಾತ್ರ ಶಾರ್ಟ್ ಆಗುವ ಸಂಭವವಿದೆ. ಲಿಕ್ಟೆನ್‌ಸ್ಟೈನ್ ದೇಶದ ನ್ಯೂಟ್ರಿಕ್ ಕಂಪನಿ 1987ರಲ್ಲಿ ತಂದ ಸ್ಪೀಕಾನ್‌ನಲ್ಲಿ ಆ ಅಪಾಯವಿಲ್ಲ. ತಿರುವಿದರೆ ಬೀಗ ಬೀಳುತ್ತದೆ, ಯಾರ ಕಾಲಿಗೋ ತೊಡರಿದರೂ ಕಳಚದು. ಎರಡನೆಯದು ವೇದಿಕೆಯಿಂದ ಮಿಕ್ಸರಿಗೆ ಎಳೆಯುವ ಉದ್ದನೆಯ ಮೈಕ್ ವೈರು. ಅದಕ್ಕೆ ಮೂರು ಕಡ್ಡಿಯ ಕ್ಯಾನನ್ ಪಿನ್ನೇ ಬೇಕು. ಮಿಕ್ಸರಿನ ಕಡೆಯ ಸಾಕೆಟ್ಟೂ ಅದೇ ಜಾತಿಯದಾಗಿದ್ದರೆ ಜನರೇಟರ್, ಲೈಟಿನ ಸಾಲು ಎಬ್ಬಿಸುವ ಗುಂಯ್ ಸದ್ದು ಎರಡು ತಂತಿಗಳಲ್ಲೂ ಸಮನಾಗಿ ಬಂದು ಬಹುಪಾಲು ಕಳೆದುಹೋಗುತ್ತದೆ. ಮೊಬೈಲಿನಿಂದ ಹಾಡು ಹಾಕುವ ಸಣ್ಣ ವೈರನ್ನು ಕೊನೆಗಿಡಿ, ಅದರದೊಂದು ಜೋಡಿ ಹೆಚ್ಚಿಗೆ ಚೀಲದಲ್ಲಿದ್ದರೆ ಆಯಿತು.