ಗಿಡದ ಟ್ಯಾಂಕಿಗೆ ರೂಪ ಕೊಡುವ ಹತ್ತು ಸೂತ್ರಗಳು

ಅಂಗಡಿಯಲ್ಲಿ ಕಂಡ ಗಿಡವನ್ನೆಲ್ಲ ಒಂದೊಂದು ಕಟ್ಟು ತಂದು ನೆಟ್ಟರೆ ಅಕ್ವೇರಿಯಂ ತುಂಬುತ್ತದೆ, ವಿನ್ಯಾಸ ಹುಟ್ಟುವುದಿಲ್ಲ. ಇಲ್ಲಿನ ಅಳತೆಗಳು ಎರಡು ಅಡಿಯ, ಅಂದರೆ 60 × 30 × 36 ಸೆಂ.ಮೀ. ಟ್ಯಾಂಕಿನವು. ನಿಮ್ಮದು ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿಕೊಳ್ಳಿ.

1. ನೀರು ಹಾಕುವ ಆತುರ ಬೇಡ. ಕಲ್ಲು, ಕಟ್ಟಿಗೆಗಳನ್ನು ಒಣ ಟ್ಯಾಂಕಿನಲ್ಲೇ ಜೋಡಿಸಿ, ಕೆಲವು ದಿನ ಹಾಗೇ ಬಿಡಿ. ಓಡಾಡುವಾಗ ಕಣ್ಣಿಗೆ ಚುಚ್ಚಿದ್ದನ್ನು ಸರಿಸಿ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಬಣ್ಣ ಮರೆಯಾದಾಗ ತೂಕ ಯಾವ ಕಡೆ ವಾಲಿದೆ ಎಂಬುದು ತಿಳಿಯುತ್ತದೆ. ನೋಡುವುದು ಕುರ್ಚಿಯಲ್ಲಿ ಕುಳಿತೋ ನಿಂತೋ ಎಂಬುದನ್ನೂ ಈಗಲೇ ತೀರ್ಮಾನಿಸಿ.

2. ಮುಖ್ಯ ವಸ್ತುವನ್ನು ನಟ್ಟನಡುವೆ ಇಡಬೇಡಿ. ಸುವರ್ಣ ಅನುಪಾತದ (1:1.618) ಲೆಕ್ಕದಲ್ಲಿ 60 ಸೆಂ.ಮೀ. ಉದ್ದಕ್ಕೆ ಅದರ ಜಾಗ ಒಂದು ಬದಿಯಿಂದ ಸುಮಾರು 23 ಸೆಂ.ಮೀ. ಒಂದೆರಡು ಸೆಂ.ಮೀ. ಆಚೀಚೆ ಆದರೆ ನಷ್ಟವಿಲ್ಲ.

3. ಒಂದು ಆಕಾರಕ್ಕೆ ಅಂಟಿಕೊಳ್ಳಿ. ನಡುವೆ ಎತ್ತರವಿರುವ ದಿಬ್ಬ, ಎರಡು ಬದಿ ಎತ್ತರವಿರುವ ಕಣಿವೆ, ಒಂದು ಬದಿಯಿಂದ ಇನ್ನೊಂದಕ್ಕೆ ಇಳಿಯುವ ತ್ರಿಕೋನ: ಹೆಚ್ಚಿನ ಟ್ಯಾಂಕುಗಳ ಹಿಂದೆ ಈ ಮೂರರಲ್ಲಿ ಒಂದಿರುತ್ತದೆ. ಹೊಸಬರಿಗೆ ನನ್ನ ಮತ ಕಣಿವೆಗೆ. ಆದರೆ ಎರಡು ಬದಿಯ ಎತ್ತರ ಬೇರೆಬೇರೆ ಇರಲಿ. ಸಮವಾದರೆ ಮದುವೆ ಚಪ್ಪರದ ಬಾಳೆಕಂಬಗಳಂತೆ ಕಾಣುತ್ತವೆ.

4. ಕಲ್ಲು ಒಂದೇ ಜಾತಿಯದಾಗಿರಲಿ, ಬೆಸ ಸಂಖ್ಯೆಯಲ್ಲಿರಲಿ. ಗಿಡದ ಟ್ಯಾಂಕಿಗೆ ಭೂದೃಶ್ಯದ ಕಣ್ಣು ಕೊಟ್ಟವರು ಜಪಾನಿನ ನಿಗಾಟಾದ ತಕಾಶಿ ಅಮಾನೊ (1954–2015). ಸೈಕಲ್ ರೇಸಿನಿಂದ ಬಂದು ಛಾಯಾಗ್ರಾಹಕರಾದವರು. 1982ರಲ್ಲಿ ಅಕ್ವಾ ಡಿಸೈನ್ ಅಮಾನೊ ಕಂಪನಿ ಕಟ್ಟಿದರು. ಅವರು ಬೆಳೆಸಿದ ಇವಾಗುಮಿ ಶೈಲಿಯಲ್ಲಿ ಕಲ್ಲುಗಳಿಗೂ ಮನೆತನವುಂಟು. ಹಿರಿಯ ಕಲ್ಲು ಒಯಾಇಶಿ. ಅದಕ್ಕಿಂತ ಚಿಕ್ಕದು ಫುಕುಇಶಿ, ಪಕ್ಕಕ್ಕೆ ಆಸರೆ ಸೊಯೆಇಶಿ. ಬಿಸಾಡಿದಂತೆ ಕಾಣುವ ಸುತೆಇಶಿಯನ್ನು ಗಿಡ ಮುಚ್ಚಿದರೂ ಚಿಂತೆಯಿಲ್ಲ. ಹಿರಿಯ ಕಲ್ಲಿನ ಎತ್ತರ ಟ್ಯಾಂಕಿನ ಎತ್ತರದ ಮೂರನೇ ಎರಡು ಭಾಗದಷ್ಟಿರಲಿ. ನೆಟ್ಟಗೆ ನಿಲ್ಲಿಸದೆ ತುಸು ವಾಲಿಸಿ. ಕಲ್ಲುಗಳ ಮೈಮೇಲಿನ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಹರಿದರೆ, ಅವು ಒಂದೇ ಬಂಡೆಯ ತುಂಡುಗಳೆಂದು ಕಣ್ಣು ನಂಬುತ್ತದೆ.

ಹೊರಗಿನಿಂದ ತಂದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ, ನೀರನ್ನು ಗಡಸು ಮಾಡುತ್ತದೆ. ನಮ್ಮ ಎಷ್ಟೋ ಬೋರ್‌ವೆಲ್‌ಗಳ ನೀರು ಮೊದಲೇ ಗಡಸು. ಗ್ರಾನೈಟಿನಿಂದ ಆ ತೊಂದರೆಯಿಲ್ಲ.

5. ನೆಲ ಮುಂದೆ 3–4 ಸೆಂ.ಮೀ., ಹಿಂದೆ 10–12 ಸೆಂ.ಮೀ. ಇರಲಿ. ಆಳದ ಭ್ರಮೆಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ದಿನ ಕಳೆದಂತೆ ಮಣ್ಣು ಜಾರುತ್ತದೆ. ಹಿಂದಿನ ಭಾಗದಲ್ಲಿ ಲಾವಾ ಕಲ್ಲಿನ ಚೂರುಗಳನ್ನು ಜಾಲರಿ ಚೀಲದಲ್ಲಿ ತುಂಬಿ ಅಡಿಗೆ ಹಾಕಿ, ಮೇಲೆ ಅಕ್ವಾ ಸಾಯಿಲ್ ಹರಡಿ.

6. ಮರಳಿನ ದಾರಿ ಬೇಕಿದ್ದರೆ ಮುಂದೆ ಅಗಲ, ಹಿಂದೆ ಕಿರಿದು. ಮುಂದೆ ಗೇಣುದ್ದವಿದ್ದದ್ದು ಹಿಂದೆ ಬೆರಳಗಲವಾಗಲಿ. ದಾರಿಯ ಭ್ರಮೆಯನ್ನು ಗಿಡಗಳಿಂದಲೂ ತರಬಹುದು: ಡಚ್ಚರ ಶೈಲಿಯಲ್ಲಿ ಕಲ್ಲಿಗಿಂತ ಗಿಡವೇ ಮುಖ್ಯ. ಓರೆಯಾಗಿ ಹಿಂದಕ್ಕೆ ಏರುವ ಗಿಡಗಳ ಸಾಲಿಗೆ ಅವರು ಲೈಡನ್ ಬೀದಿ ಎನ್ನುತ್ತಾರೆ. ಆ ಬೀದಿಗೆ ಲೊಬೀಲಿಯಾ ಕಾರ್ಡಿನಾಲಿಸ್ ಬಹಳ ಕಾಲದಿಂದ ಒಗ್ಗಿದ ಗಿಡ.

7. ಎರಡು ಅಡಿಗೆ ಐದು ಜಾತಿಯ ಗಿಡ ಸಾಕು. ಮುಂದೆ ಮಾಂಟೆ ಕಾರ್ಲೊ, ನಡುವೆ ಕ್ರಿಪ್ಟೊಕೊರೈನ್, ಕಟ್ಟಿಗೆಯ ಮೇಲೆ ಅನುಬಿಯಾಸ್ ಮತ್ತು ಜಾವಾ ಮಾಸ್, ಹಿಂದೆ ರೊಟಾಲಾ. ಅನುಬಿಯಾಸಿನ ದಪ್ಪ ಅಡ್ಡಕಾಂಡವನ್ನು ಮಣ್ಣಲ್ಲಿ ಹೂಳಬೇಡಿ, ಕೊಳೆಯುತ್ತದೆ. ಹತ್ತಿ ದಾರದಿಂದ ಕಟ್ಟಿ. ದೊಡ್ಡ ಎಲೆ ಮುಂದೆ, ಸಣ್ಣ ಎಲೆ ಹಿಂದೆ ಇದ್ದಷ್ಟೂ ದೂರ ಹೆಚ್ಚಿದಂತೆ ತೋರುತ್ತದೆ.

ಕೆಂಪು ಗಿಡ ಒಂದೇ ಕಡೆ ಗುಂಪಾಗಿರಲಿ. ಮೂರು ಕಡೆ ಇಟ್ಟರೆ ಕಣ್ಣು ಯಾವುದನ್ನೂ ನೋಡುವುದಿಲ್ಲ. ಜಗತ್ತಿನ ಟ್ಯಾಂಕುಗಳನ್ನೆಲ್ಲ ಕೆಂಪೇರಿಸುವ ರೊಟಾಲಾ ಮಕ್ರಾಂಡ್ರಾ ದಕ್ಷಿಣ ಭಾರತದ್ದೇ, ಅಗಲ ಎಲೆಯ ಲಗೆನಾಂಡ್ರಾ ಮೀಬೋಲ್ಡಿಯೂ ಪಶ್ಚಿಮ ಘಟ್ಟದ್ದೇ. ಹಾಗೆಂದು ಕಾಡಿನ ಹಳ್ಳಕ್ಕೆ ಕೈ ಹಾಕಬೇಡಿ. ನರ್ಸರಿಯಲ್ಲಿ ಬೆಳೆದದ್ದು ಸಿಗುತ್ತದೆ.

8. ಖಾಲಿ ಜಾಗವನ್ನು ಕಾಪಾಡಿ. ನೆಟ್ಟ ದಿನ ಬೋಳಾಗಿ ಕಂಡರೆ ಗಾಬರಿಯಾಗಬೇಡಿ. ಮೂರನೇ ತಿಂಗಳಿನ ಟ್ಯಾಂಕನ್ನು ಊಹಿಸಿಕೊಂಡೇ ನೆಡಬೇಕು. ಅಗ್ಗದಲ್ಲಿ ಸಿಕ್ಕಿತೆಂದು ಕೊಂಡ ಇನ್ನೊಂದು ಕಟ್ಟಿನಿಂದ ಕೆಟ್ಟ ಟ್ಯಾಂಕುಗಳೇ ಹೆಚ್ಚು.

9. ಮೀನು ಚಿಕ್ಕದಿದ್ದಷ್ಟೂ ಟ್ಯಾಂಕ್ ದೊಡ್ಡದು. ಎಂಬರ್ ಟೆಟ್ರಾದಂಥ ಪುಟ್ಟ ಜಾತಿ ಒಂದೇ ಇರಲಿ, ಹತ್ತು ಹನ್ನೆರಡರ ಗುಂಪಿರಲಿ. ಘಟ್ಟದ ಸುಂದರಿ ಮಿಸ್ ಕೇರಳಕ್ಕೆ ಮನಸೋಲುವುದು ಸಹಜ. ಅದು 10 ಸೆಂ.ಮೀ. ಮೀರಿ ಬೆಳೆಯುತ್ತದೆ, ಗುಂಪಾಗಿ ಓಡಾಡುತ್ತದೆ. ನಾಲ್ಕು ಅಡಿಗಿಂತ ಕಡಿಮೆಯಲ್ಲಿ ಬೇಡ. ಹೊಸ ಅಕ್ವಾ ಸಾಯಿಲ್ ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತದೆ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಮೀನು ಬಿಡಬೇಡಿ. ಆ ದಿನಗಳಲ್ಲಿ ದೀಪವೂ ದಿನಕ್ಕೆ ಆರು ಗಂಟೆ ಸಾಕು. ಹೆಚ್ಚಾದರೆ ಪಾಚಿ ಬಂದು ಕಲ್ಲಿನ ಗೆರೆಗಳನ್ನೆಲ್ಲ ನುಂಗುತ್ತದೆ.

10. ಹಳೆಯ ಟ್ಯಾಂಕನ್ನು ತಿದ್ದುವಾಗ ಪೂರ್ತಿ ಕಿತ್ತು ಹಾಕಬೇಡಿ. ಮೊದಲ ಕೆಲಸ ಕತ್ತರಿಯದು: ಹಿಂದಿನ ರೊಟಾಲಾವನ್ನು ಮೋಟಾಗಿ ಕತ್ತರಿಸಿದರೆ ಪ್ರತಿ ತುದಿಯಲ್ಲೂ ಕವಲೊಡೆದು ಪೊದೆಯಾಗುತ್ತದೆ. ಎಷ್ಟೋ ಸಲ ಕೊರತೆ ವಿನ್ಯಾಸದ್ದಲ್ಲ, ಕತ್ತರಿಯದು. ಆಮೇಲೆ ಕಟ್ಟಿಗೆಗೆ ಕಟ್ಟಿದ ಅನುಬಿಯಾಸನ್ನು ಕಟ್ಟಿಗೆ ಸಮೇತ ಸರಿಸಿ ನೋಡಿ, ಬೇರಿಗೆ ಪೆಟ್ಟಿಲ್ಲ. ಕ್ರಿಪ್ಟೊಕೊರೈನ್ ಮಾತ್ರ ಜಾಗ ಬದಲಿಸಿದರೆ ಎಲೆಯೆಲ್ಲ ಕರಗಿಸಿಕೊಂಡು ಮುನಿಯುತ್ತದೆ. ಅದನ್ನು ಕೊನೆಗೆ ಮುಟ್ಟಿ. ಕರಗಿತೆಂದು ಕಿತ್ತೆಸೆಯಬೇಡಿ, ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ.