ಐಶ್ವರ್ಯಾ ಪಿಸ್ಸೆ ಮತ್ತು ಮಹಿಳಾ ರೇಸಿಂಗ್: ಪರೀಕ್ಷಾ ಟಿಪ್ಪಣಿ

1. ಐಶ್ವರ್ಯಾ ಪಿಸ್ಸೆ: ಬೈಕ್ ರೇಸರ್, ಊರು ಬೆಂಗಳೂರು, ತಂಡ ಟಿವಿಎಸ್ ರೇಸಿಂಗ್.

2. 2019: ಎಫ್‌ಐಎಂ ಬಾಹಾ ವಿಶ್ವಕಪ್, ಮಹಿಳಾ ವಿಭಾಗದಲ್ಲಿ ಪ್ರಥಮ. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು. ಪ್ರಶ್ನೆ ಬರುವುದು ಬಹುತೇಕ ಇಲ್ಲಿಂದಲೇ.
- ಅಂಕ 65. ದ್ವಿತೀಯ: ಪೋರ್ಚುಗಲ್‌ನ ರೀಟಾ ವಿಯೇರಾ, 61.
- ದುಬೈ 1, ಪೋರ್ಚುಗಲ್ 3, ಸ್ಪೇನ್ 5, ಹಂಗೇರಿ 4ನೇ ಸ್ಥಾನ. ಗೆದ್ದ ಸುತ್ತು ಒಂದೇ, ಪ್ರಶಸ್ತಿ ತಂದದ್ದು ಸ್ಥಿರತೆ.
- ಜೂನಿಯರ್ ವಿಭಾಗದಲ್ಲಿ ದ್ವಿತೀಯ.

3. 2018: ಸ್ಪೇನ್‌ನ ಬಾಹಾ ಅರಗಾನ್‌ನಲ್ಲಿ ಅಪಘಾತ, ಮೇದೋಜೀರಕ ಗ್ರಂಥಿಗೆ ಪೆಟ್ಟು. ಮರುವರ್ಷವೇ ವಿಶ್ವಕಪ್!

ಗೊಂದಲ ಬೇಡ
- ಎಫ್‌ಐಎಂ ಬೈಕ್‌ಗೆ, ಎಫ್‌ಐಎ ಕಾರಿಗೆ. ಎರಡರ ಸ್ಥಾಪನೆಯೂ 1904. ಪ್ರಶ್ನೆಪತ್ರಿಕೆಯವರಿಗೆ ಹೇಳಿ ಮಾಡಿಸಿದ ಬಲೆ.
- ಬಾಹಾ: ಕಚ್ಚಾ ನೆಲದ ಕ್ರಾಸ್‌ಕಂಟ್ರಿ ಓಟ. ಸ್ಟಾಕ್ ಕಾರ್: ಹೊರನೋಟಕ್ಕೆ ಮಾರಾಟದ ಕಾರನ್ನು ಹೋಲುವ ರೇಸ್ ಕಾರು; ಹೆಚ್ಚಾಗಿ ಅಂಡಾಕಾರದ ಟ್ರ್ಯಾಕ್. ಮಿಯಾರಿನ ಕಂಬಳದ ಕರೆ ನೋಡಿದ ಕಾರ್ಕಳದವರು ಹೀಗೆ ನೆನಪಿಡಿ: ಕರೆ ನೇರ, ಅಂಡಾಕಾರದ ಟ್ರ್ಯಾಕ್ ಸುತ್ತು.
- ಮೋಟಾರ್ ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ (2019): ಗೌರವ್ ಗಿಲ್. ಐಶ್ವರ್ಯಾ ಅಲ್ಲ.

4. ನಾಸ್ಕಾರ್ (ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಸಂಸ್ಥೆ, ಸ್ಥಾಪನೆ 1948)
- ಸಾರಾ ಕ್ರಿಶ್ಚಿಯನ್: 1949, ಮೊದಲ ಮಹಿಳಾ ಚಾಲಕಿ.
- ಜಾನೆಟ್ ಗತ್ರಿ: 1977, ಡೇಟೋನಾ 500 ಮತ್ತು ಇಂಡಿಯಾನಾಪೊಲಿಸ್ 500 ಎರಡರಲ್ಲೂ ಓಡಿದ ಮೊದಲ ಮಹಿಳೆ.
- ಡ್ಯಾನಿಕಾ ಪ್ಯಾಟ್ರಿಕ್: 2013ರ ಡೇಟೋನಾ 500ರಲ್ಲಿ ಪೋಲ್ ಪೊಸಿಷನ್, ಮುಗಿಸಿದ್ದು 8ನೇ ಸ್ಥಾನದಲ್ಲಿ. 2008ರ ಜಪಾನ್ ಗೆಲುವು ಇಂಡಿಕಾರ್‌ನದು, ನಾಸ್ಕಾರ್‌ನದಲ್ಲ.

5. ಸ್ಥಳೀಯ ಕೊಂಡಿ: ಫಾರ್ಮುಲಾ ಮಣಿಪಾಲ್, ಎಂಐಟಿ ಮಣಿಪಾಲದ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ತಂಡ.