ಎಇಎಸ್ ಹಾಕಿದ್ದೀವಲ್ಲ, ಸಾಲದಾ?

ಪ್ರಾಜೆಕ್ಟ್ ವೈವಾದಲ್ಲಿ ಸೆಕ್ಯುರಿಟಿ ಬಗ್ಗೆ ಕೇಳಿದರೆ ರೆಡಿ ಉತ್ತರ ಒಂದಿದೆ: "ಸರ್, ಎಇಎಸ್ ಹಾಕಿದ್ದೀವಿ." ಎಇಎಸ್ ಗಟ್ಟಿ ಅನ್ನೋದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇರೋದು ಅದನ್ನು ಲೈಬ್ರರಿಯಿಂದ ಹೇಗೆ ಕರೆದಿರಿ ಅನ್ನೋದರಲ್ಲಿ.

ಜಾವಾದಲ್ಲಿ ಸೈಫರ್ ಕೇಳುವಾಗ 'ಎಇಎಸ್' ಅಂತಷ್ಟೇ ಬರೆದರೆ, ಜಾವಾ ಜೊತೆಗೇ ಬರುವ ಪ್ರೊವೈಡರ್ ನಿಮಗೆ ಇಸಿಬಿ ಮೋಡ್ ಕೊಡುತ್ತದೆ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಇಸಿಬಿ ಡೇಟಾವನ್ನು 16 ಬೈಟ್‌ಗಳ ತುಂಡುಗಳಾಗಿ ಮಾಡಿ, ಒಂದೊಂದನ್ನೂ ಪ್ರತ್ಯೇಕವಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಕೀ ಒಂದೇ ಆದರೆ, ಒಂದೇ ತುಂಡಿಗೆ ಯಾವಾಗಲೂ ಒಂದೇ ಔಟ್‌ಪುಟ್.

ಇದರಿಂದೇನು ತೊಂದರೆ? ಇಡೀ ಕ್ಲಾಸಿನ ಗ್ರೇಡ್‌ಗಳನ್ನು ಒಂದೊಂದಾಗಿ ಹೀಗೆ ಎನ್‌ಕ್ರಿಪ್ಟ್ ಮಾಡಿ ಇಟ್ಟಿದ್ದೀರಿ ಎಂದುಕೊಳ್ಳಿ. ಯಾರ್ಯಾರಿಗೆ ಒಂದೇ ಗ್ರೇಡ್ ಬಂದಿದೆ ಅಂತ ಕೀ ಇಲ್ಲದೆಯೇ ಕಾಣುತ್ತದೆ. ನಿಮ್ಮ ಗ್ರೇಡ್ ನಿಮಗೆ ಗೊತ್ತಲ್ಲ, ಅಷ್ಟೇ ಗ್ರೇಡ್ ಬಂದ ಪಕ್ಕದವನದೂ ಗೊತ್ತಾಯ್ತು!

2013ರಲ್ಲಿ ಅಡೋಬಿ ಕಂಪನಿಯ ಬಳಕೆದಾರರ ಡೇಟಾ ಸೋರಿದಾಗ ಆಗಿದ್ದೂ ಇದೇ. ಪಾಸ್‌ವರ್ಡ್‌ಗಳನ್ನು ಟ್ರಿಪಲ್ ಡಿಇಎಸ್‌ನಿಂದ ಇಸಿಬಿ ಮೋಡ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ್ದರು. ಪಕ್ಕದಲ್ಲೇ ಪಾಸ್‌ವರ್ಡ್ ನೆನಪಿಸುವ ಸುಳಿವುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರ ಸುಳಿವುಗಳನ್ನೆಲ್ಲ ಒಟ್ಟಿಗೆ ಓದಿದರೆ ಸಾಕು, ಪದಬಂಧ ಬಿಡಿಸಿದ ಹಾಗೆ ಉತ್ತರ ಸಿಗುತ್ತಿತ್ತು.

ಅದೇ ವರ್ಷದ ಒಂದು ಅಧ್ಯಯನದಲ್ಲಿ ಕ್ರಿಪ್ಟೋ ಎಪಿಐ ಬಳಸುವ 11,748 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. 88% ಆ್ಯಪ್‌ಗಳಲ್ಲಿ ಕನಿಷ್ಠ ಒಂದು ತಪ್ಪಿತ್ತು. ಇಷ್ಟೊಂದು ಜನ ಎಡವುತ್ತಾರೆ ಅಂದರೆ ಬರೀ ಎಡವಿದವರನ್ನು ಬೈದು ಪ್ರಯೋಜನವಿಲ್ಲ, ದಾರಿಯನ್ನೂ ರಿಪೇರಿ ಮಾಡಬೇಕು.

ಆ ರಿಪೇರಿಯ ಒಂದು ಮಾದರಿ ಲಿಬ್‌ಸೋಡಿಯಂ. ಇದರ 'ಸೀಕ್ರೆಟ್‌ಬಾಕ್ಸ್' ನಿಮ್ಮಿಂದ ಕೇಳೋದು ಮೂರೇ: ಸಂದೇಶ, 32 ಬೈಟ್ ಕೀ, ಮತ್ತು ಒಂದು ಕೀ ಜೊತೆ ಒಮ್ಮೆ ಮಾತ್ರ ಬಳಸಬೇಕಾದ 24 ಬೈಟ್ ನಾನ್ಸ್. ಮೋಡ್ ಆರಿಸುವ ಗೋಜೇ ಇಲ್ಲ. ದಾರಿಯಲ್ಲಿ ಯಾರಾದರೂ ಒಂದು ಬಿಟ್ ಬದಲಾಯಿಸಿದರೂ ಸಂದೇಶ ತೆರೆಯೋದೇ ಇಲ್ಲ. ಪೈಥಾನ್‌ನವರಿಗೆ 'ಕ್ರಿಪ್ಟೋಗ್ರಫಿ' ಪ್ಯಾಕೇಜಿನ ಫರ್ನೆಟ್ ಇದೆ. ಅದೇ ಪ್ಯಾಕೇಜಿನ ಕೆಳಪದರಕ್ಕೆ 'ಹ್ಯಾಜ್‌ಮ್ಯಾಟ್' ಅಂತ ಹೆಸರು. ಅಪಾಯಕಾರಿ ವಸ್ತು ಎಂದರ್ಥ. ತಿಳಿಯದೆ ಕೈ ಹಾಕಬೇಡಿ ಅಂತ ಹೆಸರಲ್ಲೇ ಬೋರ್ಡ್ ಹಾಕಿದ್ದಾರೆ.

ನೆನಪಿಡಬೇಕಾದ ಮೂರು ಮಾತು:

1. ಕೀ, ಟೋಕನ್, ಓಟಿಪಿ ಹುಟ್ಟಿಸಲು ಪೈಥಾನ್‌ನ 'ರ್‍ಯಾಂಡಮ್' ಬೇಡ, 'ಸೀಕ್ರೆಟ್ಸ್' ಬಳಸಿ.
2. ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡಬೇಡಿ. ಆರ್ಗಾನ್2 ತರಹದ ಪಾಸ್‌ವರ್ಡ್ ಹ್ಯಾಶ್ ಬಳಸಿ.
3. ಕೀಯನ್ನು ಕೋಡ್ ಒಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ.

ನಂಬಿಕೆ ಬರದಿದ್ದರೆ ಇವತ್ತೇ ಲ್ಯಾಬಿನಲ್ಲಿ ಮಾಡಿ ನೋಡಿ. ಇಂಗ್ಲಿಷಿನ 'ಎ' ಅಕ್ಷರವನ್ನು 32 ಸಲ ಬರೆದು, ಜಾವಾದಲ್ಲಿ ಬರೀ 'ಎಇಎಸ್' ಅಂತ ಕೊಟ್ಟು ಎನ್‌ಕ್ರಿಪ್ಟ್ ಮಾಡಿ, ಔಟ್‌ಪುಟ್ಟನ್ನು ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. ಮೊದಲ 32 ಅಂಕೆಗಳು ಮುಂದಿನ 32ರಲ್ಲಿ ಹಾಗೇ ಮರಳಿ ಬರುತ್ತವೆ. ಆಮೇಲೆ ನಿಮ್ಮ ಪ್ರಾಜೆಕ್ಟಿನ ಕೋಡ್ ತೆರೆದು, ಆ ಒಂದು ಸಾಲನ್ನು ಹುಡುಕಿ.